ಮೂರನೇ ಸಲ ಕೇಳಿದ ಮೇಲೆ

ನನ್ನ ಅತ್ತೆ ಸೆರಾಫೀನಾಗೆ ಕಾಫಿ ಎಂದರೆ ಪ್ರಾಣ ಎಂದು ನನಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷವೂ ನಾನು ಅವರಿಗೆ ಎರಡನೇ ಕಪ್ ಕೊಟ್ಟಿರಲಿಲ್ಲ. ಕೇಳಿರಲಿಲ್ಲ ಎಂದಲ್ಲ, ದಿನಾ ಕೇಳುತ್ತಿದ್ದೆ.

"ಅತ್ತೆ, ಇನ್ನೊಂದು ಕಪ್ ಹಾಕ್ಲಾ?"

"ಬೇಡಮ್ಮ."

ಬೇಡ ಎಂದರೆ ಬೇಡ. ನಾನು ಕೆಟಲನ್ನು ಒಲೆಯ ಹಿಂದಕ್ಕೆ ಸರಿಸುತ್ತಿದ್ದೆ. ಅವರು ಖಾಲಿ ಕಪ್ಪಿನ ತಳ ನೋಡುತ್ತ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. ದೇವರ ಧ್ಯಾನ ಮಾಡುತ್ತಿದ್ದಾರೆ, ಎಂಥ ಭಕ್ತೆ, ಎಂದು ನಾನು ಅಂದುಕೊಂಡಿದ್ದೆ.

ನಾನು ಡಚ್ಚರ ಮನೆಯ ಮಗಳು. ನಮ್ಮಲ್ಲಿ ಯಾರನ್ನೂ ಎರಡು ಸಲ ಕೇಳುವ ಪದ್ಧತಿಯಿಲ್ಲ. ಬಿಸ್ಕತ್ತಿನ ಡಬ್ಬಿ ತೆಗೆಯುತ್ತೇವೆ, ಬಂದವರು ಒಂದು ತೆಗೆದುಕೊಳ್ಳುತ್ತಾರೆ, ಮುಚ್ಚಳ ಮುಚ್ಚುತ್ತೇವೆ. ಬೇಡ ಎಂದವರನ್ನು ಬಲವಂತ ಮಾಡುವುದು ಅವರ ಮಾತಿನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ನನ್ನನ್ನು ಕಟ್ಟಿಕೊಂಡ ತಾವೆತ್ತಿ ಕಡಲಾಚೆಯಿಂದ ಬಂದ ಫಿನ್ನರವನು. ಅವರಲ್ಲಿ ಮೂರು ಸಲ ಕೇಳಬೇಕು. ಮೊದಲನೇ ಬೇಡ ಮರ್ಯಾದೆಗೆ. ಎರಡನೇ ಬೇಡ, ಮನೆಯವರಿಗೆ ನಿಜವಾಗಿ ಮನಸ್ಸಿದೆಯೋ ಇಲ್ಲವೋ ನೋಡಲಿಕ್ಕೆ. ಮೂರನೇ ಸಲ ಕೇಳಿದ ಮೇಲೆ ನೆಲ ನೋಡಿಕೊಂಡು, "ಇಷ್ಟು ಬಲವಂತ ಮಾಡಿದ್ರೆ ಒಂದು ಚೂರು" ಎನ್ನಬೇಕು. ಚೂರು ಎಂದರೆ ಕಪ್ ತುಂಬ.

ಇದನ್ನು ತಾವೆತ್ತಿ ನನಗೆ ಹೇಳಿದ್ದು ಮದುವೆಯಾಗಿ ನಾಲ್ಕನೇ ವರ್ಷ. ಚಳಿಗಾಲದಲ್ಲಿ ನದಿಯ ಮೇಲೆ ಮಂಜುಗಡ್ಡೆ ಕೊಯ್ಯುವ ಕೆಲಸ ಅವನದು, ಮಾತೂ ಅಷ್ಟೇ, ಕೊಯ್ದು ಕೊಯ್ದು ಒಂದೊಂದೇ ತುಂಡು ತೆಗೆಯುತ್ತಾನೆ. "ನೇಲ್ಚೆ," ಎಂದ. "ಅಮ್ಮ ಮೂರು ವರ್ಷದಿಂದ ಕಾಯ್ತಾ ಇದಾಳೆ."

"ಯಾವುದಕ್ಕೆ?"

"ಎರಡನೇ ಕಪ್ಪಿಗೆ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೆ ನಾನೂ ನಮ್ಮಪ್ಪನ ಮಗಳೇ. ಬಾಯಿ ಬಿಟ್ಟು ಹೇಳಲು ಬರದವರನ್ನು ನಾನ್ಯಾಕೆ ಗೋಗರೆಯಲಿ? ಅಂದಿನಿಂದ ಕೇಳುವುದನ್ನೇ ಬಿಟ್ಟೆ. ಕಪ್ ಖಾಲಿಯಾದರೆ ಸುಮ್ಮನೆ ತುಂಬಿಬಿಡುತ್ತಿದ್ದೆ. ಅತ್ತೆ ಹಲ್ಲುಗಳ ನಡುವೆ ಸಕ್ಕರೆ ತುಂಡು ಇಟ್ಟುಕೊಂಡು ಅದನ್ನೂ ಕುಡಿಯುತ್ತಿದ್ದರು, ಕುಡಿದು ಅಕ್ಕಪಕ್ಕದವರ ಹತ್ತಿರ ಹೇಳುತ್ತಿದ್ದರು: "ನಮ್ಮ ಸೊಸೆ ಒಳ್ಳೆಯವಳೇ. ಆದ್ರೆ ಹಸುವಿಗೆ ಕಲಗಚ್ಚು ಸುರಿದ ಹಾಗೆ ಸುರೀತಾಳೆ. ಕೇಳೋದಿಲ್ಲ."

ಹೀಗೆ ಮದುವೆಯಾಗಿ ಹತ್ತೊಂಬತ್ತು ವರ್ಷ ಕಳೆಯಿತು.

ನಮ್ಮ ಈ ಸ್ಟೇನ್‌ಕಿಲ್ ಊರು, ನಮ್ಮ ಡಚ್ಚರು ಕಡಲು ದಾಟಿ ಬಂದು ಕಟ್ಟಿದ ಈ ದೇಶ, ಇರುವುದೇ ಒಂದು 'ಬೇಡ'ದಿಂದ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಇನ್ನೂರೈವತ್ತು ಚಿಲ್ಲರೆ ವರ್ಷದ ಹಿಂದೆ ಇಂಗ್ಲಿಷರು ಹಡಗು ತಂದು ಬಂದರಿನ ಮುಂದೆ ನಿಲ್ಲಿಸಿ, ಊರು ಬಿಟ್ಟುಕೊಡುತ್ತೀರಾ ಎಂದು ಕೇಳಿದರಂತೆ. ನಮ್ಮ ಗವರ್ನರು ಬೇಡ ಎಂದರು. ಇಂಗ್ಲಿಷರು ಎರಡನೇ ಸಲ ಕೇಳದೆ ಹೋಗಿಬಿಟ್ಟರು. ಇನ್ನೊಂದು ಸಲ ಕೇಳಿದ್ದರೆ ಕೊಟ್ಟೇಬಿಡುತ್ತಿದ್ದರು, ಕೋಟೆಯಲ್ಲಿ ಮದ್ದುಗುಂಡೇ ಇರಲಿಲ್ಲ ಎಂದು ನಮ್ಮಜ್ಜ ಹೇಳುತ್ತಿದ್ದ. ಈಗ ಇಂಗ್ಲಿಷರು ಬಾಸ್ಟನ್ ಕಡೆಯಿಂದ ಬಟ್ಟೆ ಒಗೆಯುವ, ಇಸ್ತ್ರಿ ಮಾಡುವ ಕೆಲಸ ಹುಡುಕಿಕೊಂಡು ಬರುತ್ತಾರೆ. ಪಾಪ, ಒಳ್ಳೆಯ ಜನ. ಅವರ ಮಕ್ಕಳು ಓಣಿ ದಾಟಿದರೆ ಮನೆಮಾತು ಆಡಲು ನಾಚುತ್ತವೆ. ಇಂಗ್ಲಿಷ್ ಕಲಿತು ಯಾರ ಹೊಟ್ಟೆ ತುಂಬಬೇಕು ಎಂದು ನಮ್ಮ ಮೇಷ್ಟರು ಕೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ.

ಅತ್ತೆ ಈ ಊರಿಗೆ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ, ಗಂಡ ಮತ್ತು ಮಗನ ಜೊತೆ. ಮಾವ ನದಿದಂಡೆಯ ಮೇಲೆ ಮರದ ದಿಮ್ಮಿಗಳಿಂದ ಹಬೆಮನೆ ಕಟ್ಟಿದರು. ಶನಿವಾರ ಊರಿನ ಅರ್ಧ ಫಿನ್ನರು ಹಬೆಸ್ನಾನಕ್ಕೆ ಅಲ್ಲೇ. ಕಾದ ಕಲ್ಲಿನ ಮೇಲೆ ತಾಮ್ರದ ಸೌಟಿನಿಂದ ನೀರು ಎರಚುವ ಹಕ್ಕು ಅತ್ತೆಯದೊಬ್ಬರದೇ. ನನ್ನ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದೂ ಆ ಹಬೆಮನೆಯಲ್ಲೇ, ಹಿಡಿದುಕೊಂಡದ್ದು ಅತ್ತೆಯ ಕೈಯೇ. ಮಾವ ಈಗ ಚರ್ಚಿನ ಹಿಂದೆ ಮಲಗಿದ್ದಾರೆ. ಅತ್ತೆ ಅವರ ಪಕ್ಕದಲ್ಲಿ ಅಳೆದು ಆರಡಿ ಜಾಗ ಬಿಡಿಸಿಕೊಂಡಿದ್ದಾರೆ.

ಈ ವರ್ಷ ಹೊಸ ಕಾನೂನು ಬಂತು. ಹೊರದೇಶದಲ್ಲಿ ಹುಟ್ಟಿದವರೆಲ್ಲ ಮೇ ಒಂದರೊಳಗೆ ಪೌರಪತ್ರ ಮಾಡಿಸಿಕೊಳ್ಳಬೇಕು. ಇಲ್ಲದವರನ್ನು ಹಡಗು ಹತ್ತಿಸಿ ಹುಟ್ಟಿದೂರಿಗೆ ಕಳಿಸುತ್ತಾರೆ. ಹೆದರುವಂಥದ್ದೇನೂ ಇರಲಿಲ್ಲ, ಇಪ್ಪತ್ತು ವರ್ಷ ದಾಟಿದವರಿಗೆ ಕೊಡುವುದೇ ನಿಯಮ. ತಾವೆತ್ತಿಗೆ ನನ್ನನ್ನು ಕಟ್ಟಿಕೊಂಡಾಗಲೇ ಪತ್ರ ಸಿಕ್ಕಿತ್ತು. ಅರ್ಜಿಯನ್ನು ನಾನೇ ತುಂಬಿದೆ. ಮಾರ್ಚಿನ ಒಂದು ಬೆಳಿಗ್ಗೆ ಅತ್ತೆ ಭಾನುವಾರದ ಕಪ್ಪು ಲಂಗ ಉಟ್ಟು, ಬುಟ್ಟಿಯಲ್ಲಿ ಏಲಕ್ಕಿ ಬನ್ನು ಇಟ್ಟುಕೊಂಡು ನನ್ನ ಜೊತೆ ಕಚೇರಿಗೆ ಬಂದರು.

"ಬನ್ನು ಯಾಕೆ ಅತ್ತೆ? ಲಂಚ ಅನ್ಕೋತಾರೆ."

"ಬರಿಗೈಲಿ ಹೋಗೋದಾ? ನಿಮ್ಮ ಕಡೆಯವರು ಹೋಗ್ತೀರೇನೋ."

ಒಳಗೆ ಅರ್ಜಿದಾರರು ಒಬ್ಬರೇ ಹೋಗಬೇಕು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಐದು ನಿಮಿಷವೂ ಆಗಿರಲಿಲ್ಲ, ಒಳಗೆ ಗಂಟೆ ಬಾರಿಸಿತು, ಅತ್ತೆ ಹೊರಗೆ ಬಂದರು. ಮುಖ ಅರಳಿತ್ತು.

"ಎಷ್ಟು ಒಳ್ಳೆ ಮನುಷ್ಯ ಅಂತೀಯ! ಎದ್ದು ನಿಂತ್ಕೊಂಡ. ಕೂತ್ಕೊಳ್ಳಿ ಅಂದ. ನನ್ನ ಹೆಸರನ್ನ ಪೂರ್ತಿ ಹೇಳ್ದ, ಒಂದು ಅಕ್ಷರಾನೂ ನುಂಗ್ಲಿಲ್ಲ."

"ಆಮೇಲೆ?"

"ಈ ದೇಶದ ಪೌರಹಕ್ಕು ನಿಮಗೆ ಬೇಕಾ ಅಂತ ಕೇಳ್ದ."

"ನೀವೇನಂದ್ರಿ?"

"ಅಯ್ಯೋ ಬೇಡಪ್ಪ, ಯಾಕೆ ಸುಮ್ನೆ ನಿಮಗೆ ತೊಂದರೆ, ಅಂದೆ."

ನಾನು ಬೆಂಚಿನಿಂದ ಎದ್ದೆ. "ಆಮೇಲೆ?"

"ಗಂಟೆ ಹೊಡ್ದ. ಕಾಫಿ ತರ್ಸೋಕೆ ಇರ್ಬೇಕು ಅನ್ಕೊಂಡೆ. ನೋಡಿದ್ರೆ ಇನ್ಯಾರೋ ಒಳಗೆ ಬಂದ್ರು." ಅತ್ತೆ ಬುಟ್ಟಿ ನೋಡಿಕೊಂಡರು. "ಬನ್ನು ಕೊಡೋದು ಮರೆತೇಹೋಯ್ತು. ಎರಡನೇ ಸಲ ಯಾವಾಗ ಕರೀತಾನಂತೆ, ಕೇಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ. ಮೇಜಿನ ಹಿಂದೆ ಕೂತಿದ್ದವನು ಗೋವರ್ಟ್. ನಮ್ಮ ಓಣಿಯವನೇ, ಒಂದೇ ಶಾಲೆಯಲ್ಲಿ ಓದಿದವರು ನಾವು. ಒಬ್ಬರಿಗೆ ಕೇಡು ಬಗೆದವನಲ್ಲ, ಒಬ್ಬರಿಗೆ ಒಂದು ಬಿಸ್ಕತ್ತು ಹೆಚ್ಚು ಕೊಟ್ಟವನೂ ಅಲ್ಲ.

"ಗೋವರ್ಟ್, ಈಗ ಬಂದಿದ್ದವರು ನಮ್ಮತ್ತೆ. ಅವರು ಬೇಡ ಅಂದಿದ್ದು ಬೇಡ ಅಂತಲ್ಲ."

"ಮತ್ತೇನು?"

"ಅದು ಉಪಚಾರಕ್ಕೆ ಹೇಳಿದ್ದು. ಇನ್ನೊಂದು ಸಲ ಕೇಳ್ಬೇಕಿತ್ತು."

ಅವನು ನನ್ನನ್ನೇ ನೋಡಿದ. "ನೇಲ್ಚೆ, ನಾನು ಕೇಳ್ದೆ. ಅವರು ಹೇಳಿದ್ರು. ನಾನು ಬರ್ಕೊಂಡೆ. ಇದರಲ್ಲಿ ನನ್ನ ತಪ್ಪು ಯಾವುದು, ತೋರ್ಸು."

ಬೈಯಲು ಬಾಯಿ ತೆರೆದೆ. ಬಾಯಿಗೆ ಬಂದ ಬೈಗುಳವೆಲ್ಲ ನನಗೇ ತಗಲುವಂಥದ್ದು. ಮೂರು ವರ್ಷ ಕೆಟಲ್ ಹಿಂದಕ್ಕೆ ಸರಿಸಿದವಳು ನಾನು. ಅವನು ಐದು ನಿಮಿಷದಲ್ಲಿ ಸರಿಸಿದ್ದ, ಅಷ್ಟೇ ವ್ಯತ್ಯಾಸ.

ಗೋವರ್ಟ್ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿದ. ಅರ್ಜಿ ಹಾಕದೆ ಇದ್ದವರಿಗೆ ಇನ್ನೂ ಅವಕಾಶವಿದೆ. ಕೊಟ್ಟದ್ದನ್ನು ಬೇಡ ಎಂದವರಿಗೆ ಮಾತ್ರ ಇಲ್ಲ, ಅವರು ಮೇ ಒಂದರ ಹಡಗು ಹತ್ತಬೇಕು. ಉಳಿದಿರುವುದು ಪಂಚರ ಮುಂದೆ ಒಂದೇ ಒಂದು ವಿಚಾರಣೆ, ಬರುವ ಗುರುವಾರ. "ಅಲ್ಲಿ ಮತ್ತೆ ಇದೇ ಪ್ರಶ್ನೆ ಕೇಳ್ತಾರೆ. ಉತ್ತರ ಬಂದ ಮೇಲೆ ನಾನು ಗಂಟೆ ಹೊಡೀತೀನಿ. ಗಂಟೆ ಹೊಡೆದ್ರೆ ಮುಗೀತು." ಪುಸ್ತಕ ಮುಚ್ಚುತ್ತಾ ಅಂದ, "ಬೇಕು ಅಂತ ಒಂದು ಮಾತು ಹೇಳೋದು ಅಷ್ಟು ಕಷ್ಟಾನಾ?"

ಅವನಿಗೆ ಏನು ಗೊತ್ತು.

ಅಂದು ಸಂಜೆಯೇ ಅಡುಗೆಮನೆಯಲ್ಲಿ ಪಾಠ ಶುರುವಾಯಿತು. ನಾನು ಮೇಷ್ಟರು, ಅತ್ತೆ ವಿದ್ಯಾರ್ಥಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು.

"ಅತ್ತೆ, ಕಾಫಿ ಬೇಕಾ?"

"ಬೇ..." ಅತ್ತೆಯ ಕಿವಿ ಕೆಂಪಾಯಿತು. "ಬೇ... ಬೇಡ."

"ಬೇಕು ಅನ್ನಿ."

"ಹೆಂಗಸಾಗಿ ಹಾಗೆ ಬಾಯಿ ಬಿಟ್ಟು ಅನ್ನೋಕಾಗುತ್ತೇನೇ?"

"ನಾನು ಅಂತೀನಲ್ಲ?"

"ಅದೇ ಹೇಳಿದ್ದು."

ತಾವೆತ್ತಿ ಮೂಲೆಯಲ್ಲಿ ಗರಗಸ ಮಸೆಯುತ್ತಾ ಕೂತಿದ್ದ. ಅವನನ್ನು ಕರೆದು, ನೀನೇ ತೋರಿಸು ಎಂದೆ. "ತಾವೆತ್ತಿ, ಕಾಫಿ ಬೇಕಾ?" ಅವನು ಬಹಳ ಹೊತ್ತು ಯೋಚಿಸಿ, "ಅಮ್ಮಂಗೆ ಕೊಡು ಮೊದ್ಲು," ಎಂದ. ಇಂಥ ಜನ ಕಡಲು ದಾಟಿ ಇಲ್ಲಿಗೆ ಹೇಗೆ ಬಂದರು ಎಂಬುದೇ ನನಗೆ ಅಚ್ಚರಿ. ಹಡಗಿನವನು ಮೂರು ಸಲ ಕೂಗಿ ಕರೆದಿರಬೇಕು.

ಮೂರು ದಿನ ಇದೇ ಆಯಿತು. ಕಾಫಿಗೆ ಆಗಲಿಲ್ಲ, ಸೂಪಿಗೆ ಆಗಲಿಲ್ಲ, ಕೊನೆಗೆ ಕುರ್ಚಿಯ ಮೇಲೆ ಕೂತುಕೊಳ್ಳುತ್ತೀರಾ ಎಂದು ಕೇಳಿದರೂ "ಪರ್ವಾಗಿಲ್ಲ, ನಿಂತಿರ್ತೀನಿ" ಎಂದರು. ಹಾಗೆಂದು ಅತ್ತೆ ಪೆದ್ದಿಯಲ್ಲ. ಮೀನಿನ ಅಂಗಡಿಯವನ ಹತ್ತಿರ ಚೌಕಾಸಿ ಮಾಡುವಾಗ ನೋಡಬೇಕು ಅವರ ಬಾಯಿ. ನನಗೆ ರೇಗಿಹೋಯಿತು.

"ಅಂಗಡೀಲಿ ಬೇಕು ಬೇಕು ಅಂತೀರಿ. ಕಚೇರೀಲಿ ಏನು ಬಂತು ನಿಮಗೆ?"

ಅತ್ತೆ ಏಪ್ರನ್ನಿನ ಅಂಚು ಮಡಚುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು, "ಅಂಗಡೀಲಿ ಯಾರಾದ್ರೂ ಬೇಡ ಅಂತಾರೇನೇ? ಕಾಸು ಕೊಡ್ತೀವಿ, ತಗೋತೀವಿ. ಮನೆಗೆ ಕರೆದಾಗ ತಾನೇ ಬೇಡ ಅನ್ನೋದು. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನವರು ನನ್ನನ್ನ, ಅದು ತೊಳಿ, ಇದು ಬೇಯಿಸು, ಪಕ್ಕಕ್ಕೆ ಸರಿ ಅಂದಿದಾರೆ. ಬೇಕಾ ಅಂತ ಕೇಳಿದ್ದು ಅವನೊಬ್ಬನೇ. ಎದ್ದು ನಿಂತು ಕೇಳ್ದ. ನನಗೆ ಅದು ಕಚೇರಿ ಅಂತಲೇ ಮರೆತುಹೋಯ್ತು. ಯಾರೋ ಮನೆ ಒಳಗೆ ಬನ್ನಿ ಅಂದ ಹಾಗಾಯ್ತು."

ಕಾಫಿ ಕೆಟಲ್ ಕುದಿಯುತ್ತಿತ್ತು, ಕೇಳದೆ ಅವರ ಕಪ್ ತುಂಬಿದೆ. ಕೇಳಲು ನಾಲಗೆ ಏಳಲಿಲ್ಲ. ಇಷ್ಟು ವರ್ಷದ ಹಟ ಸುಲಭವಾಗಿ ಬಿಡುವುದಿಲ್ಲ.

ಬುಧವಾರ ಹಬೆಮನೆ ಗುಡಿಸಲು ಹೋದೆ. ಗೋಡೆಯ ಮೊಳೆಯಲ್ಲಿ ತಾಮ್ರದ ಸೌಟು ಇರಲಿಲ್ಲ. ಮಾವ ಆ ಮೊಳೆ ಹೊಡೆದಂದಿನಿಂದ ಶನಿವಾರದ ಹಬೆಯ ಹೊತ್ತು ಬಿಟ್ಟರೆ ಅದು ಅಲ್ಲಿಂದ ಕದಲಿದ್ದನ್ನು ನಾನು ಕಂಡಿಲ್ಲ. ಮನೆಯೆಲ್ಲ ಹುಡುಕಿದೆ. ಅತ್ತೆಯ ಮಂಚದ ಕೆಳಗೆ, ಅವರು ಬರುವಾಗ ತಂದಿದ್ದ ಮರದ ಪೆಟ್ಟಿಗೆಯಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಸುತ್ತಿಟ್ಟಿದ್ದರು. ಜೊತೆಗೆ ಎರಡು ಲಂಗ, ಬೈಬಲ್ಲು, ನನ್ನ ದೊಡ್ಡ ಮಗಳ ಮೊದಲ ಕುಲಾವಿ. ಹುಟ್ಟಿದ ಊರಲ್ಲಿ ಅವರಿಗೆ ಈಗ ಯಾರೂ ಇಲ್ಲ. ಅಣ್ಣ ಸತ್ತು ಎಂಟು ವರ್ಷವಾಯಿತು, ಮನೆ ಬೇರೆಯವರದು. ಅಲ್ಲಿಗೆ ಹೋಗಲು ಅರವತ್ತೆಂಟು ವರ್ಷದ ಹೆಂಗಸು ಸದ್ದಿಲ್ಲದೆ ಗಂಟು ಕಟ್ಟಿಟ್ಟಿದ್ದಾಳೆ, ಯಾರಿಗೂ ತೊಂದರೆ ಆಗದ ಹಾಗೆ.

ನಾನು ಆ ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟೆ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನನಗೆ ಇದೊಂದು ತಮಾಷೆಯ ತಾಪತ್ರಯವಾಗಿತ್ತು. ಆಗ ಭಯವಾಯಿತು. ಈ ಮುದುಕಿ ಇಲ್ಲದೆ ಈ ಮನೆಯಲ್ಲಿ ನನಗೆ ಹೇಗೆ ಬದುಕಲು ಬರುತ್ತದೆ ಎಂದು ಭಯವಾಯಿತು.

ಗುರುವಾರ ಪಂಚರ ಸಭೆ. ಈ ಸಲ ಮನೆಯವರೂ ಒಳಗೆ ಕೂರಬಹುದಿತ್ತು. ಮುಖ್ಯ ಪಂಚರು ರಾಖೆಲ್ ಅಜ್ಜಿ, ಎಸೋಪಸ್ ಪಂಗಡದವರು, ಡಚ್ಚರು ಬರುವ ಮುಂಚೆಯೂ ಈ ನದಿ ಯಾರದಾಗಿತ್ತೋ ಅವರ ಪೈಕಿ. ನಮ್ಮ ಊರಿನ ಪಂಚಾಯಿತಿಯಲ್ಲಿ ಮೊದಲ ಕುರ್ಚಿ ಅವರಿಗೇ ಮೀಸಲು. ಪಕ್ಕದಲ್ಲಿ ಗೋವರ್ಟ್, ಮುಂದೆ ಗಂಟೆ.

ದಾರಿಯುದ್ದಕ್ಕೂ ಅತ್ತೆ "ಬೇಕು, ಬೇಕು, ಬೇಕು" ಎಂದು ಗೊಣಗಿಕೊಂಡೇ ಬಂದಿದ್ದರು. ಎದುರಾದವರೆಲ್ಲ ತಿರುಗಿ ನೋಡುತ್ತಿದ್ದರು. ಸಭೆಯ ಬಾಗಿಲಲ್ಲಿಯೂ ಒಮ್ಮೆ ಹೇಳಿಸಿದೆ, ಸರಿಯಾಗಿ ಹೇಳಿದರು. ರಾಖೆಲ್ ಅಜ್ಜಿ ಗದರಿಸುವ ದನಿಯಲ್ಲಿ ಕೇಳಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಆದರೆ ಅವರು ಅತ್ತೆಯನ್ನು ಕಂಡವರೇ ಕನ್ನಡಕ ತೆಗೆದು, "ಬನ್ನಿ ಸೆರಾಫೀನಾ ಅಮ್ಮ. ಈ ಕೆಸರಲ್ಲಿ ನಡ್ಕೊಂಡೇ ಬಂದ್ರಾ? ಕಾಲು ನೋವಿಲ್ವಾ? ಒಲೆ ಹತ್ರ ಕುರ್ಚಿ ಹಾಕ್ಕೊಳ್ಳಿ," ಎಂದುಬಿಟ್ಟರು.

ಕೆಟ್ಟೆವು ಅಂದುಕೊಂಡೆ. ಅತ್ತೆಯ ಮುಖ ಆಗಲೇ ಅರಳುತ್ತಿತ್ತು.

"ಹೇಳೀಮ್ಮ, ಈ ದೇಶದ ಪೌರಹಕ್ಕು ನಿಮಗೆ ಬೇಕಾ?"

"ಅಯ್ಯೋ, ಬೇಡ ತಾಯಿ," ಎಂದರು ಅತ್ತೆ. "ನಿಮಗ್ಯಾಕೆ ಶ್ರಮ."

ಹೇಳಿದ ಮೇಲೆ ಅವರಿಗೇ ತಿಳಿಯಿತು. ಕೈ ಬಾಯಿಯ ಮೇಲೆ ಹೋಯಿತು. ತಾವೆತ್ತಿ ಕಣ್ಣು ಮುಚ್ಚಿಕೊಂಡ. ಗೋವರ್ಟನ ಕೈ ಗಂಟೆಯತ್ತ ಹೊರಟಿತು.

"ಗಂಟೆ ಮುಟ್ಟಬೇಡ ಗೋವರ್ಟ್!" ನಾನು ಎದ್ದುನಿಂತಿದ್ದೆ. "ಮುಟ್ಟಿದ್ರೆ, ನಾಲ್ಕನೇ ಕ್ಲಾಸಲ್ಲಿ ನೀನು ಚಡ್ಡೀಲಿ ಏನು ಮಾಡ್ಕೊಂಡೆ ಅಂತ ಇಲ್ಲೇ ಹೇಳ್ತೀನಿ."

ಕೈ ನಿಂತಿತು.

"ನೀವ್ಯಾರಮ್ಮ?" ಎಂದರು ರಾಖೆಲ್ ಅಜ್ಜಿ.

"ಸೊಸೆ. ಈ ಊರಲ್ಲೇ ಹುಟ್ಟಿದವಳು. ಇವರ ಕಡೆ ಮೂರು ಸಲ ಕೇಳ್ಬೇಕು ಅಜ್ಜಿ. ಎರಡು ಸಲ ಬೇಡ ಅಂದ್ರೇನೇ ಮರ್ಯಾದಸ್ತರು. ಮೂರನೇ ಸಲ ಕೇಳಿದ ಮೇಲೇ ಅವರು ನಿಜ ಹೇಳೋದು. ಇದು ಗೊತ್ತಿಲ್ದೆ ನಾನೇ ಇವರನ್ನ ಮೂರು ವರ್ಷ ಕಾಫಿ ಇಲ್ದೆ ಕೂರ್ಸಿದೀನಿ."

"ಪುಸ್ತಕದಲ್ಲಿ ಹಾಗೇನೂ ಬರೆದಿಲ್ಲ," ಎಂದ ಗೋವರ್ಟ್.

"ಕೇಳಬಾರದು ಅಂತ ಬರ್ದಿದ್ಯಾ?"

ಅವನು ಹಾಳೆ ತಿರುವಿದ. ಬರೆದಿರಲಿಲ್ಲ.

ರಾಖೆಲ್ ಅಜ್ಜಿ ಕನ್ನಡಕ ಒರೆಸುತ್ತಾ ನಗಲು ಶುರುಮಾಡಿದರು. "ಚೆನ್ನಾಗಿದೆ ಕಣಮ್ಮ. ಮೂರು ಸಲ ಕೇಳಿಸ್ಕೊಂಡು ಒಳಗೆ ಬರೋರನ್ನ ಹಡಗು ಹತ್ತಿಸ್ತೀವಿ. ನಿಮ್ಮ ಅಜ್ಜಂದಿರು ನಮ್ಮ ಅಜ್ಜಂದಿರನ್ನ ಒಂದು ಸಲಾನೂ ಕೇಳ್ದೆ ಬಂದು ಕೂತ್ರು, ಅವರ ಮೊಮ್ಮಗ ಗಂಟೆ ಹೊಡೀತಾನೆ." ಗೋವರ್ಟ್ ತನ್ನ ಬೆರಳುಗಳನ್ನು ನೋಡಿಕೊಂಡ. ನಾನೂ ನನ್ನ ಬೆರಳುಗಳನ್ನು ನೋಡಿಕೊಂಡೆ. "ಗೋವರ್ಟ್ ಕೇಳಿದ್ದು ಒಂದು, ನಾನು ಕೇಳಿದ್ದು ಎರಡು. ಇನ್ನೊಂದು ಬಾಕಿ ಇದೆ. ಕೇಳ್ಲಾ ಸೆರಾಫೀನಾ ಅಮ್ಮ?"

ಅತ್ತೆ ಅಡ್ಡಡ್ಡ ತಲೆಯಾಡಿಸಿದರು. ನನ್ನ ಕಡೆ ನೋಡಿದರು. "ಅವಳು ಕೇಳ್ಲಿ," ಎಂದರು. "ಮನೆಯವಳು ಅವಳು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯಾದ್ರೂ ಮೂರನೇ ಸಲ ಕೇಳ್ಲಿ."

ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಕಾಲುಚೀಲದೊಳಗಿನ ಸೌಟು ಕಣ್ಣ ಮುಂದೆ ಬಂತು.

"ಅತ್ತೆ," ಎಂದೆ. "ಹೋಗ್ಬೇಡಿ. ನಮ್ಮ ಜೊತೇನೇ ಇರ್ತೀರಾ? ಈ ಊರು ನಿಮಗೆ ಬೇಕಾ?"

ಅತ್ತೆ ತಲೆ ತಗ್ಗಿಸಿ ನೆಲ ನೋಡಿದರು. ಏಪ್ರನ್ ಇಲ್ಲದ್ದರಿಂದ ಲಂಗದ ಅಂಚನ್ನೇ ಮಡಚಿದರು. ಒಲೆಯಲ್ಲಿ ಕಟ್ಟಿಗೆಯೊಂದು ಸಿಡಿಯಿತು.

"ಇಷ್ಟು ಬಲವಂತ ಮಾಡಿದ್ರೆ," ಎಂದರು, "ಒಂದು ಚೂರು."

ಗೋವರ್ಟ್ ಲೇಖನಿ ಎತ್ತಿ ಸುತ್ತಲೂ ನೋಡಿದ. "ಒಂದು ಚೂರು ಅಂತ ಹೇಗೆ ಬರೀಲಿ?"

"ಪೂರ್ತಿ ಅಂತ ಬರ್ಕೋ," ಎಂದೆ. "ಚೂರು ಅಂದ್ರೆ ಕಪ್ ತುಂಬ."

ಬರೆದುಕೊಂಡ. ಗಂಟೆ ಹೊಡೆದ. ಅತ್ತೆ ಬುಟ್ಟಿಯ ಬಟ್ಟೆ ಸರಿಸಿ ಅವನ ಮುಂದೆ ಏಲಕ್ಕಿ ಬನ್ನು ಹಿಡಿದರು. ಅವನು, "ಬೇಡಮ್ಮ, ಕೆಲಸದ ಹೊತ್ತು," ಎಂದ. ಅತ್ತೆ ಮತ್ತೆ ಹಿಡಿದರು. ಬೇಡ ಎಂದ. ಮತ್ತೆ ಹಿಡಿದರು. ಎರಡು ತೆಗೆದುಕೊಂಡ, ಇದನ್ನು ನಾನು ಕಣ್ಣಾರೆ ಕಂಡೆ.

ಮನೆಗೆ ಬಂದ ಕೂಡಲೇ ಅತ್ತೆ ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಸೌಟು ತೆಗೆದುಕೊಂಡು ಹೋಗಿ ಹಬೆಮನೆಯ ಮೊಳೆಗೆ ನೇತುಹಾಕಿ ಬಂದರು. ಕಾಫಿ ಮಾಡಿದೆ. ಮೊದಲ ಕಪ್ ಮುಗಿಯಿತು. ನಾನು ಕೆಟಲ್ ಹಿಡಿದು ಅವರ ಪಕ್ಕ ನಿಂತೆ, ಸುರಿಯಲಿಲ್ಲ. ಮೂರು ಸಲ ಕೇಳಿಯೇ ತೀರುವುದು ಎಂದು ನಿರ್ಧಾರ ಮಾಡಿಕೊಂಡೇ ಬಂದಿದ್ದೆ.

"ಅತ್ತೆ, ಇನ್ನೊಂದು ಕಪ್ ಹಾಕ್ಲಾ?"

"ಬೇಕು," ಎಂದರು ಅತ್ತೆ.

ತಾವೆತ್ತಿ ತಲೆಯೆತ್ತಿ ನೋಡಿದ. ನಾನು ಕೆಟಲ್ ಹಿಡಿದುಕೊಂಡು ಹಾಗೇ ನಿಂತೆ. ಅತ್ತೆ ಕಿವಿ ಕೆಂಪು ಮಾಡಿಕೊಂಡು ಕಪ್ ಮುಂದಕ್ಕೆ ತಳ್ಳಿದರು.

"ನಾನೀಗ ಈ ದೇಶದವಳಲ್ವೇನೇ," ಎಂದರು. "ಆದ್ರೂ ನೀನು ಇನ್ನೆರಡು ಸಲ ಕೇಳು."

ಕೇಳಿದೆ.